ಹಸಿ ಬಿಯರಿನ ವಾಸನೆ: ಕಾಯಬೇಕಾ, ಚೆಲ್ಲಬೇಕಾ?

ಪದೇ ಪದೇ ಕೇಳುವ ಪ್ರಶ್ನೆಗಳು

ಮಸಾಲೆ ಹುರಿಯುವಾಗ ನಮ್ಮಮ್ಮ ಯಾವಾಗಲೂ ಒಂದು ಮಾತು ಹೇಳುತ್ತಿದ್ದರು. "ಹಸಿ ವಾಸನೆ ಹೋಗೋ ತನಕ ಹುರಿ, ಸೀಯೋಕೆ ಬಿಡಬೇಡ." ಹಸಿ ವಾಸನೆಗೆ ಇನ್ನಷ್ಟು ಹೊತ್ತು ಕೊಟ್ಟರೆ ತಾನೇ ಹೋಗುತ್ತದೆ. ಸೀದ ವಾಸನೆಗೆ ಎಷ್ಟು ಹೊತ್ತು ಕೊಟ್ಟರೂ ಅಷ್ಟೇ. ಮನೆಯಲ್ಲಿ ಮಾಡಿದ ಬಿಯರಿನಲ್ಲೂ ಈ ಎರಡು ಥರದ ವಾಸನೆ ಇರುತ್ತವೆ. ಯಾವುದು ಯಾವುದು ಅಂತ ತಿಳಿಯದೆ ಒಳ್ಳೆಯ ಬಿಯರನ್ನು ಸಿಂಕಿಗೆ ಸುರಿದವರಿದ್ದಾರೆ. ಕೆಟ್ಟ ಬಿಯರನ್ನು ಆರು ತಿಂಗಳು ಕಾದು ಕೂತವರೂ ಇದ್ದಾರೆ. ನಾನು ಎರಡನ್ನೂ ಮಾಡಿದ್ದೇನೆ.

ನಾನಿರುವುದು ಅಮೆರಿಕದ ಮಿನೆಸೋಟದಲ್ಲಿ. ನೆಲಮಾಳಿಗೆಯಲ್ಲಿ ಒಂದು ಸಲಕ್ಕೆ 19 ಲೀಟರ್, ಅಂದರೆ ಇಲ್ಲಿನ 5 ಗ್ಯಾಲನ್, ಬಿಯರ್ ಮಾಡುತ್ತೇನೆ. ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಾದಲ್ಲಿರುವ ನಮ್ಮ ಕಡೆಯ ಗೆಳೆಯರು ಫೋನು ಮಾಡಿ ಕೇಳುವ ಪ್ರಶ್ನೆಗಳನ್ನೇ ಇಲ್ಲಿ ಒಟ್ಟು ಮಾಡಿದ್ದೇನೆ.

ಹಸಿ ಬಿಯರ್ ಅಂದರೆ ಯಾವುದು?

ಯೀಸ್ಟ್ ಸಕ್ಕರೆ ತಿಂದು ಮುಗಿಸಿದೆ, ಅಥವಾ ಮುಗಿಸುತ್ತಾ ಬಂದಿದೆ. ಆದರೆ ಬಿಯರ್ ಇನ್ನೂ ಮಾಗಿಲ್ಲ. ಅದು ಹಸಿ ಬಿಯರ್. ಜರ್ಮನ್ನರು 'ಯುಂಗ್‌ಬಿಯರ್', ಎಳೆ ಬಿಯರ್, ಅನ್ನುತ್ತಾರೆ. ತಣ್ಣಗೆ ಹುದುಗಿಸಿ ವಾರಗಟ್ಟಲೆ ಮಾಗಿಸುವ ಬಿಯರಿಗೆ ಲಾಗರ್ ಅನ್ನುವ ಹೆಸರು ಬಂದದ್ದೂ ಜರ್ಮನ್ ಭಾಷೆಯ 'ಲಾಗರ್ನ್' ಅನ್ನುವ ಕ್ರಿಯಾಪದದಿಂದ. ಅರ್ಥ, ಕೂಡಿಡುವುದು.

ತುಂಬ ಜನ ಯೀಸ್ಟಿನ ಕೆಲಸ ಆಲ್ಕೋಹಾಲ್ ಮಾಡುವಲ್ಲಿಗೆ ಮುಗಿಯಿತು ಅಂದುಕೊಳ್ಳುತ್ತಾರೆ. ಹಾಗಲ್ಲ. ಮೊದಲ ಮೂರು ನಾಲ್ಕು ದಿನ ಯೀಸ್ಟ್ ಗಡಿಬಿಡಿಯಲ್ಲಿ ಬೆಳೆಯುತ್ತದೆ. ಆಗ ಬೇಡದ ಒಂದಷ್ಟು ವಸ್ತುಗಳನ್ನು ಹೊರಗೆ ಬಿಡುತ್ತದೆ. ಸಕ್ಕರೆ ಖಾಲಿಯಾದ ಮೇಲೆ ಅವುಗಳಲ್ಲಿ ಕೆಲವನ್ನು ಮತ್ತೆ ಒಳಗೆ ಎಳೆದುಕೊಂಡು ಸರಿ ಮಾಡುತ್ತದೆ. ಅಡುಗೆ ಮಾಡಿದವರೇ ಪಾತ್ರೆ ತೊಳೆದಿಟ್ಟ ಹಾಗೆ. ಏರ್‌ಲಾಕಿನಲ್ಲಿ (ಗ್ಯಾಸನ್ನು ಹೊರಗೆ ಬಿಟ್ಟು ಗಾಳಿಯನ್ನು ಒಳಗೆ ಬಿಡದ ಪುಟ್ಟ ಕೊಳವೆ) ಗುಳ್ಳೆ ನಿಂತ ಕೂಡಲೇ ಬಿಯರನ್ನು ಬಾಟಲಿಗೆ ತುಂಬಿದರೆ, ಪಾತ್ರೆ ತೊಳೆಯುವ ಮೊದಲೇ ಅಡುಗೆಯವರನ್ನು ಮನೆಗೆ ಕಳಿಸಿದಂತೆ.

ಒಂದು ಸಲ ರುಚಿ ನೋಡಿದರೆ ಗೊತ್ತಾಗಲ್ವಾ?

ಇಲ್ಲ. ಈ ಪುಟದಲ್ಲಿ ಬೇರೇನೂ ನೆನಪಿರದಿದ್ದರೂ ಇದೊಂದು ನೆನಪಿರಲಿ. ಹಸಿ ಬಿಯರನ್ನು ಒಂದು ಸಲ ರುಚಿ ನೋಡಿ ಒಳ್ಳೆಯದು, ಕೆಟ್ಟದ್ದು ಅಂತ ಹೇಳಬೇಡಿ. ಇವತ್ತು ನೋಡಿ, ಬರೆದಿಡಿ. ಮೂರು ನಾಲ್ಕು ದಿನ ಬಿಟ್ಟು ಮತ್ತೆ ನೋಡಿ. ಆ ವಾಸನೆ ಕಡಿಮೆಯಾಯಿತೋ, ಹಾಗೇ ಇದೆಯೋ, ಜಾಸ್ತಿಯಾಯಿತೋ? ನಿಮಗೆ ಬೇಕಿರುವ ಉತ್ತರ ಆ ಬದಲಾವಣೆಯಲ್ಲಿದೆ.

ಕಡಿಮೆಯಾಗುತ್ತಿದ್ದರೆ ಯೀಸ್ಟ್ ಕೆಲಸ ಮಾಡುತ್ತಿದೆ, ಬಿಟ್ಟುಬಿಡಿ. ಹಾಗೇ ಇದ್ದರೆ ತಪ್ಪು ಆಗಿರುವುದು ಕುದಿಸುವ ದಿನ, ನೀರಿನಲ್ಲಿ ಅಥವಾ ಮಾಲ್ಟಿನಲ್ಲಿ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಲ್ಲಿ. ಕಾದರೆ ಪ್ರಯೋಜನ ಕಡಿಮೆ. ಜಾಸ್ತಿಯಾಗುತ್ತಿದ್ದರೆ ಗಾಳಿ ಹೊಕ್ಕಿದೆ ಅಥವಾ ಬೇರೆ ಸೂಕ್ಷ್ಮಜೀವಿ ಸೇರಿದೆ.

ನಾನು ಫರ್ಮೆಂಟರಿನ, ಅಂದರೆ ಬಿಯರ್ ಹುದುಗುವ ಪಾತ್ರೆಯ, ಮೇಲೇ ಒಂದು ಟೇಪ್ ಅಂಟಿಸಿರುತ್ತೇನೆ. ಅದರ ಮೇಲೆ ತಾರೀಕು, ಗ್ರಾವಿಟಿ (ಎಷ್ಟು ಸಕ್ಕರೆ ಉಳಿದಿದೆ ಅಂತ ತಿಳಿಯಲು ಹೈಡ್ರೋಮೀಟರಿನಲ್ಲಿ ಅಳೆಯುವ ಸಾಂದ್ರತೆ), ವಾಸನೆಯ ಹೆಸರು, ಪಕ್ಕದಲ್ಲಿ 0ರಿಂದ 5ರ ತನಕ ಒಂದು ಅಂಕಿ. "ಸೇಬು 4" ಅಂತ ಬರೆದದ್ದು ನಾಲ್ಕು ದಿನದ ಮೇಲೆ "ಸೇಬು 2" ಆಗಿದ್ದರೆ ನೆಮ್ಮದಿಯಾಗಿ ನಿದ್ದೆ ಮಾಡಬಹುದು. ಬರೆಯದೆ ಹೋದರೆ ನಾಲ್ಕು ದಿನದ ಹಿಂದಿನ ವಾಸನೆ ಯಾರಿಗೂ ಸರಿಯಾಗಿ ನೆನಪಿರುವುದಿಲ್ಲ.

ಹೈಡ್ರೋಮೀಟರ್ ಜಾರಿಂದ ಒಂದು ಗುಟುಕು ಕುಡಿದೆ. ಚಪ್ಪೆ, ಮೇಲೆ ಕಹಿ. ಹೀಗೇ ಇರುತ್ತಾ?

ಹೀಗೇ ಇರುತ್ತದೆ. ಅದರಲ್ಲಿ ಗ್ಯಾಸ್ ಇಲ್ಲ, ತಣ್ಣಗಿಲ್ಲ, ಯೀಸ್ಟ್ ಇನ್ನೂ ತೇಲುತ್ತಿದೆ. ಗ್ಯಾಸ್ ಇದ್ದಾಗ ಬಿಯರಿಗೆ ಒಂದು ಚುರುಕು ಬರುತ್ತದೆ, ಗುಳ್ಳೆಯ ಜೊತೆ ಪರಿಮಳವೂ ಮೇಲೆ ಬರುತ್ತದೆ. ಅದಿಲ್ಲದೆ ಎಷ್ಟು ಒಳ್ಳೆಯ ಬಿಯರ್ ಆದರೂ ಸಪ್ಪೆಯಾಗಿ, ಸ್ವಲ್ಪ ಸಿಹಿಯಾಗಿ ಕಾಣುತ್ತದೆ. ತೇಲುವ ಯೀಸ್ಟ್ ನಾಲಿಗೆಗೆ ಹಸಿ ಹಿಟ್ಟಿನ ರುಚಿ ಕೊಡುತ್ತದೆ, ಗಂಟಲಲ್ಲಿ ಒಂದು ಒರಟು ಕಹಿ ಉಳಿಸುತ್ತದೆ. ಒಂದು ಲೋಟ ಸ್ಯಾಂಪಲ್ಲನ್ನು ಮುಚ್ಚಿ ರಾತ್ರಿಯೆಲ್ಲ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ತಳದಲ್ಲಿ ಕೆನೆಬಣ್ಣದ ಗಸಿ ಕೂತಿರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಕುಡಿದು ನೋಡಿ. ಕಹಿ ಹೋಗಿದ್ದರೆ ಅದು ಯೀಸ್ಟಿನದು.

ಒಮ್ಮೆ ಹೊರಗೆ ತೆಗೆದ ಸ್ಯಾಂಪಲ್ಲನ್ನು ಮತ್ತೆ ಫರ್ಮೆಂಟರಿಗೆ ಸುರಿಯಬೇಡಿ. ಉಳಿಸುವುದು 100 ಮಿಲಿಲೀಟರ್. ಅದಕ್ಕೆ 19 ಲೀಟರ್ ಹಾಳಾದೀತು.

ಸರಿಯಾಗಿ ರುಚಿ ನೋಡುವುದು ಹೇಗೆ?

ಮೊದಲು ಮೂಗು, ಆಮೇಲೆ ನಾಲಿಗೆ. ಲೋಟಕ್ಕೆ ಮೂರನೇ ಒಂದು ಭಾಗ ಮಾತ್ರ ಹಾಕಿ. ಅಂಗೈಯಿಂದ ಬಾಯಿ ಮುಚ್ಚಿ, ಸ್ವಲ್ಪ ಆಡಿಸಿ, ಕೈ ತೆಗೆದ ಕೂಡಲೇ ಎರಡು ಮೂರು ಸಲ ಚಿಕ್ಕದಾಗಿ ಮೂಸಿ. ಗಂಧಕದಂಥ ವಾಸನೆಗಳು ಮೊದಲ ಅರ್ಧ ನಿಮಿಷದಲ್ಲೇ ಹಾರಿಹೋಗುತ್ತವೆ. ಮೂಗು ಬೇಗ ಸೋಲುತ್ತದೆ. ಆಗ ನಿಮ್ಮದೇ ತೋಳಿನ ಬಟ್ಟೆಯನ್ನು ಒಮ್ಮೆ ಮೂಸಿ ಮತ್ತೆ ಬಿಯರಿಗೆ ಬನ್ನಿ.

ಫ್ರಿಜ್ಜಿನಿಂದ ತೆಗೆದ ಕೂಡಲೇ ಬೇಡ. 12ರಿಂದ 14 ಡಿಗ್ರಿ ಇರಲಿ. ತೀರಾ ತಣ್ಣಗಿದ್ದರೆ ಒಳ್ಳೆಯದೂ ಕೆಟ್ಟದ್ದೂ ಎರಡೂ ಅಡಗಿಬಿಡುತ್ತವೆ. ಊಟ ಆದ ಮೇಲೆ, ಕಾಫಿ ಕುಡಿದ ಮೇಲೆ, ಒಗ್ಗರಣೆ ವಾಸನೆ ತುಂಬಿದ ಅಡುಗೆಮನೆಯಲ್ಲಿ ನಿಂತು ನೋಡುವುದು ವ್ಯರ್ಥ. ನಾನು ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ನೋಡುತ್ತೇನೆ, ಒಂದೇ ಒಂದು ಗುಟುಕು.

ಮನೆಯಲ್ಲಿ ಇನ್ನೊಬ್ಬರಿದ್ದರೆ ಅವರ ಕೈಗೂ ಲೋಟ ಕೊಡಿ, ಆದರೆ ಏನು ಹುಡುಕುತ್ತಿದ್ದೀರಿ ಅಂತ ಹೇಳಬೇಡಿ. "ಬೆಣ್ಣೆ ವಾಸನೆ ಬರ್ತಿದೆಯಾ?" ಅಂತ ಕೇಳಿದರೆ ಎಲ್ಲರಿಗೂ ಬರುತ್ತದೆ.

ಐದನೇ ದಿನ ಹಸಿರು ಸೇಬಿನ ವಾಸನೆ. ಚೆಲ್ಲಿಬಿಡಲಾ?

ಚೆಲ್ಲಬೇಡಿ. ಇದು ಅಸಿಟಾಲ್ಡಿಹೈಡ್. ಯೀಸ್ಟ್ ಸಕ್ಕರೆಯಿಂದ ಆಲ್ಕೋಹಾಲಿಗೆ ಹೋಗುವ ದಾರಿಯಲ್ಲಿ ಕೊನೆಯ ಮೆಟ್ಟಿಲಿನ ಹಿಂದಿನ ಮೆಟ್ಟಿಲು. ಹಸಿರು ಸೇಬು ಕಚ್ಚಿದ ಹಾಗೆ, ಇಲ್ಲವೇ ಕುಂಬಳಕಾಯಿ ಒಡೆದು ಬೀಜ ಕೆರೆದು ತೆಗೆಯುವಾಗ ಬರುವ ವಾಸನೆಯ ಹಾಗೆ. ಕೆಲವರಿಗೆ ಹೊಸ ಪೇಂಟಿನಂತೆಯೂ ಅನ್ನಿಸುತ್ತದೆ. ಲೀಟರಿಗೆ 10ರಿಂದ 20 ಮಿಲಿಗ್ರಾಂ ಆದಾಗ ನಮ್ಮ ಮೂಗಿಗೆ ಸಿಗುತ್ತದೆ. ಯೀಸ್ಟ್ ಆರೋಗ್ಯವಾಗಿದ್ದರೆ ಅದನ್ನು ತಾನೇ ಆಲ್ಕೋಹಾಲ್ ಮಾಡಿ ಮುಗಿಸುತ್ತದೆ.

ನನ್ನ ಎರಡನೇ ಬಿಯರಿನಲ್ಲಿ ಆರನೇ ದಿನ ಇದೇ ವಾಸನೆ ಬಂತು. ಹಾಳಾಯಿತು ಅಂದುಕೊಂಡು ಪೂರ್ತಿ ಹಿತ್ತಲಿಗೆ ಸುರಿದೆ. ಎರಡು ತಿಂಗಳ ಮೇಲೆ ಅದೇ ಮಾಲ್ಟ್, ಅದೇ ಯೀಸ್ಟ್, ಅದೇ ಲೆಕ್ಕದಲ್ಲಿ ಮತ್ತೆ ಮಾಡಿದೆ. ಆರನೇ ದಿನ ಮತ್ತದೇ ಸೇಬು. ಈ ಸಲ ಕೈ ಹಾಕದೆ ಮೂರು ವಾರ ಬಿಟ್ಟೆ. ಸೇಬಿನ ಸುಳಿವೇ ಇರಲಿಲ್ಲ. ಮೊದಲನೆಯದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಮಾಡಬೇಕಾದದ್ದು ಇಷ್ಟೇ. ಗಸಿಯಿಂದ ಬೇರ್ಪಡಿಸಬೇಡಿ, ತಣ್ಣಗೆ ಮಾಡಬೇಡಿ. ಏಲ್ (ಲಾಗರಿಗಿಂತ ಬೆಚ್ಚಗೆ ಹುದುಗಿಸುವ ಬಿಯರ್) ಆದರೆ 20 ಡಿಗ್ರಿ ಆಸುಪಾಸಿನಲ್ಲಿ ಇನ್ನೊಂದು ವಾರ ಇರಲಿ. ಎರಡು ವಾರ ಕಳೆದರೂ ಕಡಿಮೆಯಾಗದೆ, ಜೊತೆಗೆ ವಿನೆಗರ್ ಥರದ ಚುಚ್ಚು ಸೇರಿಕೊಂಡರೆ ಕಥೆ ಬೇರೆ. ಅದನ್ನು ಹುಳಿಯ ಪ್ರಶ್ನೆಯಲ್ಲಿ ಹೇಳಿದ್ದೇನೆ.

ಬೆಣ್ಣೆ ವಾಸನೆ ಬರುತ್ತಿದೆ. ಇದು ತಾನಾಗಿ ಹೋಗುತ್ತಾ?

ಯೀಸ್ಟಿನ ಜೊತೆ ಬಿಟ್ಟರೆ ಹೋಗುತ್ತದೆ. ಬೇರ್ಪಡಿಸಿ ತಣ್ಣಗೆ ಮಾಡಿದರೆ ಹೋಗುವುದಿಲ್ಲ. ಹಸಿ ಬಿಯರಿನ ವಾಸನೆಗಳಲ್ಲಿ ತುಂಬ ಮೋಸ ಮಾಡುವುದು ಇದೇ, ಹಾಗಾಗಿ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಇದರ ಹೆಸರು ಡೈಅಸಿಟೈಲ್. ಸಿನಿಮಾ ಥಿಯೇಟರಿನ ಪಾಪ್‌ಕಾರ್ನ್ ವಾಸನೆ. ನಾಲಿಗೆಯ ಮೇಲೆ ಎಣ್ಣೆ ಸವರಿದಂಥ ಜಿಡ್ಡು. ತಿಳಿಯಾದ ಲಾಗರಿನಲ್ಲಿ ಲೀಟರಿಗೆ 0.1 ಮಿಲಿಗ್ರಾಂ ಇದ್ದರೂ ಗೊತ್ತಾಗುತ್ತದೆ. ಆದರೆ ಎಲ್ಲರಿಗೂ ಅಲ್ಲ. ಕೆಲವರ ಮೂಗಿಗೆ ಇದು ಹುಟ್ಟಾ ಸಿಗುವುದೇ ಇಲ್ಲ. ನೀವು ಅಂಥವರಾಗಿದ್ದರೆ ಮನೆಯಲ್ಲಿ ಇನ್ನೊಬ್ಬರ ಮೂಗನ್ನು ನಂಬಿ.

ಮೋಸ ಎಲ್ಲಿದೆ ಅಂದರೆ, ಯೀಸ್ಟ್ ನೇರವಾಗಿ ಡೈಅಸಿಟೈಲ್ ಬಿಡುವುದಿಲ್ಲ. ವ್ಯಾಲಿನ್ ಅನ್ನುವ ಅಮೈನೋ ಆಮ್ಲ ಮಾಡಿಕೊಳ್ಳುವಾಗ ಆಲ್ಫಾ ಅಸಿಟೋಲ್ಯಾಕ್ಟೇಟ್ ಅನ್ನುವ ಇನ್ನೊಂದು ವಸ್ತುವನ್ನು ಹೊರಗೆ ಬಿಡುತ್ತದೆ. ಅದಕ್ಕೆ ವಾಸನೆಯಿಲ್ಲ. ಅದು ಬಿಯರಿನಲ್ಲಿ ನಿಧಾನವಾಗಿ, ತನ್ನಷ್ಟಕ್ಕೆ ಡೈಅಸಿಟೈಲ್ ಆಗಿ ಬದಲಾಗುತ್ತದೆ. ಬದಲಾದ ಮೇಲೆ ಯೀಸ್ಟ್ ಅದನ್ನು ಎಳೆದುಕೊಂಡು ಬಹುಮಟ್ಟಿಗೆ ವಾಸನೆಯಿಲ್ಲದ ವಸ್ತುವಾಗಿ ಮಾರ್ಪಡಿಸುತ್ತದೆ. ಅಂದರೆ ಇವತ್ತು ಬಿಯರ್ ಶುದ್ಧವಾಗಿ ಕಂಡರೂ ಒಳಗೆ ಬೆಣ್ಣೆ ಅಡಗಿ ಕೂತಿರಬಹುದು. ಯೀಸ್ಟ್ ತೆಗೆದು ಬಾಟಲಿಗೆ ತುಂಬಿ ಮೂರು ವಾರ ಆದ ಮೇಲೆ ಅದು ಹೊರಗೆ ಬರುತ್ತದೆ. ಆಗ ತಿನ್ನಲು ಯೀಸ್ಟ್ ಸಾಕಷ್ಟು ಇರುವುದಿಲ್ಲ.

ಅಡಗಿದ್ದನ್ನು ಮೊದಲೇ ಹಿಡಿಯಲು ಬ್ರೂವರಿಗಳಲ್ಲಿ ಮಾಡುವ ಒಂದು ಪರೀಕ್ಷೆ ಮನೆಯಲ್ಲೂ ಆಗುತ್ತದೆ. ನಾನು ಹೀಗೆ ಮಾಡುತ್ತೇನೆ. ಮುಚ್ಚಳವಿರುವ ಎರಡು ಗಾಜಿನ ಸೀಸೆ. ಎರಡಕ್ಕೂ 100 ಮಿಲಿಲೀಟರಿನಷ್ಟು ಬಿಯರ್, ಆದಷ್ಟೂ ಯೀಸ್ಟ್ ಬರದಂತೆ. ಒಂದನ್ನು ಫ್ರಿಜ್ಜಿನಲ್ಲಿಡುತ್ತೇನೆ. ಇನ್ನೊಂದರ ಮುಚ್ಚಳ ಸಡಿಲ ಮಾಡಿ, 65 ಡಿಗ್ರಿ ಬಿಸಿನೀರಿರುವ ಪಾತ್ರೆಯಲ್ಲಿ ಅರ್ಧ ಗಂಟೆ ನಿಲ್ಲಿಸುತ್ತೇನೆ. ಆಮೇಲೆ ತಣ್ಣೀರಿನಲ್ಲಿಟ್ಟು ಎರಡನ್ನೂ ಒಂದೇ ಬಿಸಿಗೆ ತಂದು, ಒಂದರ ಹಿಂದೆ ಒಂದು ಮೂಸುತ್ತೇನೆ. ಬಿಸಿ ಮಾಡಿದ್ದರಲ್ಲಿ ಬೆಣ್ಣೆ, ಮಾಡದ್ದರಲ್ಲಿ ಇಲ್ಲ ಅಂದರೆ ಒಳಗೆ ಇನ್ನೂ ಅಡಗಿದೆ, ಕಾಯಬೇಕು. ಎರಡರಲ್ಲೂ ಇದ್ದರೆ ಯೀಸ್ಟ್ ಕೆಲಸ ಶುರು ಮಾಡಬೇಕಷ್ಟೆ, ಜಾಸ್ತಿ ಕಾಯಬೇಕು. ಎರಡರಲ್ಲೂ ಇಲ್ಲದಿದ್ದರೆ ಧೈರ್ಯವಾಗಿ ತಣ್ಣಗೆ ಮಾಡಿ. ಒಂದೇ ಸಲಕ್ಕೆ ಭವಿಷ್ಯ ಹೇಳುವ ಪರೀಕ್ಷೆ ನನಗೆ ಗೊತ್ತಿರುವುದು ಇದೊಂದೇ.

ಲಾಗರ್ ಮಾಡುವವರು ಇದಕ್ಕಾಗಿ ಮೊದಲೇ ಒಂದು ಬಿಡುವು ಕೊಡುತ್ತಾರೆ. 10ರಿಂದ 12 ಡಿಗ್ರಿಯಲ್ಲಿ ಹುದುಗುತ್ತಿರುವ ಬಿಯರಿನ ಗ್ರಾವಿಟಿ ಕೊನೆಯ ಗುರಿಗೆ ಇನ್ನೂ ಐದಾರು ಪಾಯಿಂಟ್ (ಒಂದು ಪಾಯಿಂಟ್ ಅಂದರೆ 0.001) ಇದೆ ಅನ್ನುವಾಗ 16ರಿಂದ 18 ಡಿಗ್ರಿಗೆ ಏರಿಸಿ ಎರಡು ಮೂರು ದಿನ ಬಿಡುವುದು. ಬಿಸಿ ಹೆಚ್ಚಾದರೆ ಅಡಗಿದ್ದು ಬೇಗ ಹೊರಗೆ ಬರುತ್ತದೆ, ಯೀಸ್ಟೂ ಚುರುಕಾಗುತ್ತದೆ.

ಐಪಿಎ, ಅಂದರೆ ಹಾಪ್ಸ್ ಅನ್ನುವ ಕಹಿ, ಪರಿಮಳದ ಹೂ ಜಾಸ್ತಿ ಹಾಕಿದ ಏಲ್, ಮಾಡುವವರಿಗೆ ಇನ್ನೊಂದು ಮಾತು. ಹುದುಗಿ ಮುಗಿದ ಬಿಯರಿಗೆ ಒಣ ಹಾಪ್ಸ್ ಹಾಕಿದರೆ ಹಾಪ್ಸಿನ ಕಿಣ್ವಗಳು ಉಳಿದ ಪಿಷ್ಟದ ತುಣುಕುಗಳನ್ನು ಸಕ್ಕರೆ ಮಾಡುತ್ತವೆ. ಯೀಸ್ಟ್ ಮತ್ತೆ ಎದ್ದು ಕೂರುತ್ತದೆ, ಬೆಣ್ಣೆ ಮತ್ತೆ ಬರುತ್ತದೆ. ಹಾಪ್ಸ್ ಹಾಕಿದ ಮೇಲೂ ಒಮ್ಮೆ ಪರೀಕ್ಷೆ ಮಾಡಿ.

ಕೊಳೆತ ಮೊಟ್ಟೆ ವಾಸನೆ! ಮನೆಯವರು ಬೈಯುತ್ತಿದ್ದಾರೆ.

ಲಾಗರ್ ಯೀಸ್ಟ್ ಇದ್ದರೆ ಇದು ಮಾಮೂಲು. ಹೈಡ್ರೋಜನ್ ಸಲ್ಫೈಡ್. ಹುದುಗುವಾಗ ಏಳುವ ಗ್ಯಾಸಿನ ಜೊತೆ ಬಹುಪಾಲು ಹೊರಟುಹೋಗುತ್ತದೆ, ಉಳಿದದ್ದು ತಣ್ಣಗಿಟ್ಟ ವಾರಗಳಲ್ಲಿ ಇಳಿಯುತ್ತದೆ. ನೆಲಮಾಳಿಗೆಯಲ್ಲಿ ಮೊಟ್ಟೆ ನಾರುತ್ತಿದೆ ಅಂದರೆ ಅದು ಬಿಯರಿನಿಂದ ಹೊರಗೆ ಬಂದಿದೆ ಅಂತಲೇ ಅರ್ಥ. ಕೆಗ್ಗಿನಲ್ಲಿ (ಬಿಯರ್ ತುಂಬಿಡುವ ಲೋಹದ ಪೀಪಾಯಿ) ಉಳಿದುಕೊಂಡಿದ್ದರೆ ದಿನಕ್ಕೊಮ್ಮೆ ಒತ್ತಡ ಬಿಟ್ಟು ಮತ್ತೆ ಗ್ಯಾಸ್ ತುಂಬಿಸಿ. ಮೋರಿ ಅಥವಾ ಕೊಳೆತ ಸೊಪ್ಪಿನಂತೆ ನಾರಿದರೆ ಮಾತ್ರ ಅನುಮಾನ ಪಡಿ.

ಬೇಯಿಸಿದ ಜೋಳದ ವಾಸನೆ ಇದೆ. ಕಾದರೆ ಹೋಗುತ್ತಾ?

ಮುಸುಕಿನ ಜೋಳ ಬೇಯಿಸಿದ ನೀರಿನ ವಾಸನೆ ಅಂದರೆ ಡೈಮಿಥೈಲ್ ಸಲ್ಫೈಡ್. ಇದು ಸೀದ ವಾಸನೆಯ ಗುಂಪಿನದು. ಬಿಳಿ ಪಿಲ್ಸ್ನರ್ ಮಾಲ್ಟಿನಲ್ಲಿ ಇದರ ಮೂಲವಸ್ತು ಜಾಸ್ತಿ ಇರುತ್ತದೆ. ವರ್ಟ್ (ಮಾಲ್ಟ್ ನೆನೆಸಿ ತೆಗೆದ ಸಿಹಿನೀರು) ಕುದಿಯುವಾಗ ಅದು ಒಡೆದು ಆವಿಯ ಜೊತೆ ಹೋಗಬೇಕು. ಪಾತ್ರೆಗೆ ಮುಚ್ಚಳ ಹಾಕಿ ಕುದಿಸಿದರೆ ಆವಿ ತಿರುಗಿ ಒಳಗೇ ಬೀಳುತ್ತದೆ. ಕುದಿಸಿದ ಮೇಲೆ ನಿಧಾನವಾಗಿ ಆರಲು ಬಿಟ್ಟರೂ ಹೊಸದಾಗಿ ಹುಟ್ಟುತ್ತಲೇ ಇರುತ್ತದೆ. ಹುದುಗುವಾಗ ಸ್ವಲ್ಪ ಹಾರಿಹೋಗುತ್ತದೆ. ಹುದುಗಿ ಮುಗಿದ ಮೇಲೂ ಉಳಿದದ್ದು ಉಳಿಯಿತು. ಮುಂದಿನ ಸಲ ಮುಚ್ಚಳ ತೆಗೆದು 90 ನಿಮಿಷ ಕುದಿಸಿ, ಬೇಗ ತಣ್ಣಗೆ ಮಾಡಿ.

ಲವಂಗದ ವಾಸನೆ ಒಳ್ಳೆಯದಾ, ಕೆಟ್ಟದ್ದಾ?

ಯಾವ ಬಿಯರ್ ಅನ್ನುವುದರ ಮೇಲೆ. ಜರ್ಮನ್ ಗೋಧಿ ಬಿಯರ್ ಹೆಫೆವೈಜನ್‌ನಲ್ಲಿ ಲವಂಗ ಇರಲೇಬೇಕು, ಬಾಳೆಹಣ್ಣೂ ಇರಬೇಕು. ಅದು ಆ ಯೀಸ್ಟಿನ ಗುಣ. ಅದೇ ಲವಂಗ ಪೇಲ್ ಏಲ್‌ನಲ್ಲಿ ಬಂದು ವಾರದಿಂದ ವಾರಕ್ಕೆ ಜಾಸ್ತಿಯಾಗುತ್ತಿದ್ದರೆ ಎಲ್ಲಿಂದಲೋ ಕಾಡು ಯೀಸ್ಟ್ ಸೇರಿದೆ.

ಲವಂಗವಲ್ಲ, ಆಸ್ಪತ್ರೆ ವಾಸನೆ. ಗಾಯದ ಪಟ್ಟಿಯ ಹಾಗೆ.

ಇದಕ್ಕೆ ಕಾಯಬೇಡಿ. ನಲ್ಲಿ ನೀರಿನ ಕ್ಲೋರಿನ್ ಬಿಯರಿನ ಫೀನಾಲ್‌ಗಳ ಜೊತೆ ಸೇರಿ ಕ್ಲೋರೋಫೀನಾಲ್ ಆಗಿದೆ. ಚಿಟಿಕೆಯೂ ಅಲ್ಲದಷ್ಟು ಸಾಕು, ಇಡೀ ಬಿಯರ್ ಕೆಡುತ್ತದೆ. ಯೀಸ್ಟ್ ಇದನ್ನು ತಿನ್ನುವುದಿಲ್ಲ.

ನಾನು ಆರು ತಿಂಗಳು ಕಾದದ್ದು ಇಂಥದ್ದೇ ಒಂದು ಬಿಯರಿಗೆ. ಕಂದು ಬಣ್ಣದ ಏಲ್, ತುಂಬ ಆಸೆಯಿಟ್ಟು ಮಾಡಿದ್ದು. ತಿಂಗಳಿಗೊಂದು ಬಾಟಲಿ ತೆಗೆಯುತ್ತಿದ್ದೆ. ಮುಚ್ಚಳ ಎತ್ತಿದ ಕೂಡಲೇ ಚಿಕ್ಕಂದಿನಲ್ಲಿ ಇಂಜೆಕ್ಷನ್ನಿಗೆ ಕರೆದುಕೊಂಡು ಹೋಗುತ್ತಿದ್ದ ಕ್ಲಿನಿಕ್ಕಿನ ಬೆಂಚು ನೆನಪಾಗುತ್ತಿತ್ತು. ಆರನೇ ಬಾಟಲಿಯೂ ಮೊದಲನೆಯದರಷ್ಟೇ ಕೆಟ್ಟದಾಗಿತ್ತು.

ಕಾರಣ ನೀರು. ಕ್ಲೋರಿನ್ ಕುದಿಸಿದರೆ ಹೋಗುತ್ತದೆ. ಆದರೆ ಅಮೆರಿಕದ ಹಲವು ಊರುಗಳಲ್ಲಿ ನೀರಿಗೆ ಕ್ಲೋರಮೈನ್ ಹಾಕುತ್ತಾರೆ, ಅದು ಕುದಿಸಿದರೂ ಸುಲಭಕ್ಕೆ ಜಗ್ಗುವುದಿಲ್ಲ. ಕ್ಯಾಂಪ್ಡೆನ್ ಮಾತ್ರೆ (ಸಲ್ಫೈಟ್ ಮಾತ್ರೆ) ಒಂದನ್ನು ಪುಡಿ ಮಾಡಿ ಹಾಕಿದರೆ 75 ಲೀಟರ್ ನೀರಿಗೆ ಸಾಕು, ಕೆಲವೇ ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಪಾತ್ರೆಗಳನ್ನು ಬ್ಲೀಚಿನಲ್ಲಿ ತೊಳೆಯುವ ಅಭ್ಯಾಸವಿದ್ದರೆ ಅದನ್ನೂ ಬಿಡಿ.

ನೇಲ್ ಪಾಲಿಶ್ ವಾಸನೆ, ಗಂಟಲಲ್ಲಿ ಘಾಟು. ಇದೇನು?

ಹುದುಗುವಾಗ ಬಿಸಿ ಜಾಸ್ತಿಯಾಗಿದೆ. ಕೋಣೆ 22 ಡಿಗ್ರಿ ಇದ್ದರೆ, ಜೋರಾಗಿ ಹುದುಗುವ ಫರ್ಮೆಂಟರಿನ ಒಳಗೆ ಮೂರು ನಾಲ್ಕು ಡಿಗ್ರಿ ಹೆಚ್ಚೇ ಇರುತ್ತದೆ. ಆಗ ಯೀಸ್ಟ್ ಈಥೈಲ್ ಅಸಿಟೇಟ್ ಮತ್ತು ಭಾರವಾದ ಆಲ್ಕೋಹಾಲುಗಳನ್ನು ಮಾಡುತ್ತದೆ. 5 ಪರ್ಸೆಂಟಿನ ಬಿಯರಿನಲ್ಲಿ ಕಾಯುವುದರಿಂದ ಸಿಗುವುದು ಅಷ್ಟಕ್ಕಷ್ಟೆ. 9, 10 ಪರ್ಸೆಂಟಿನ ಬಾರ್ಲಿವೈನ್, ದಪ್ಪ ಸ್ಟೌಟ್ ಆದರೆ ಆರು ತಿಂಗಳಿಂದ ಒಂದು ವರ್ಷದಲ್ಲಿ ಘಾಟು ಮೆತ್ತಗಾಗಿ ಉಳಿದ ರುಚಿಗಳ ಜೊತೆ ಬೆರೆಯುತ್ತದೆ. ಬಾಳೆಹಣ್ಣು ಮಾತ್ರ ಇದ್ದರೆ ಚಿಂತೆ ಬೇಡ, ತಿಂಗಳೆರಡು ತಿಂಗಳಲ್ಲಿ ಇಳಿಯುತ್ತದೆ.

ಹುಳಿ ಬಂದಿದೆ.

ಎಂಥ ಹುಳಿ? ಹಸಿ ಬಿಯರಿನಲ್ಲಿ ಗ್ಯಾಸ್ ಕರಗಿರುವುದರಿಂದ ಒಂದು ಸಣ್ಣ ಚುರುಕು ಹುಳಿ ಇರುತ್ತದೆ. ಲೋಟವನ್ನು ಚೆನ್ನಾಗಿ ಕಲಕಿ ಗ್ಯಾಸ್ ಬಿಟ್ಟು ನೋಡಿ. ಹೋದರೆ ಅದೇ.

ಮೊಸರಿನ ಹುಳಿ, ಎರಡು ದಿನದ ದೋಸೆ ಹಿಟ್ಟಿನ ಹುಳಿ ಆದರೆ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ. ಮೂಗಿಗೆ ಚುಚ್ಚುವ ವಿನೆಗರ್ ಹುಳಿ ಆದರೆ ಅಸಿಟಿಕ್ ಬ್ಯಾಕ್ಟೀರಿಯಾ, ಅದಕ್ಕೆ ಗಾಳಿ ಬೇಕು, ಅಂದರೆ ಎಲ್ಲೋ ಗಾಳಿ ಒಳಗೆ ಹೋಗುತ್ತಿದೆ. ಎರಡೂ ಕಡಿಮೆಯಾಗುವುದಿಲ್ಲ. ಬಿಯರಿನ ಮೇಲೆ ಬಿಳಿ ಪೊರೆ ಕಟ್ಟಿದ್ದರೆ ಅನುಮಾನವೇ ಬೇಡ. ಯೀಸ್ಟಿನ ನೊರೆಯನ್ನು ಪೊರೆ ಅಂದುಕೊಳ್ಳಬೇಡಿ. ನೊರೆ ಕಂದು, ಉಬ್ಬಿಕೊಂಡಿರುತ್ತದೆ, ಒಂದು ವಾರದಲ್ಲಿ ಕುಸಿಯುತ್ತದೆ. ಪೊರೆ ತೆಳ್ಳಗೆ, ಹಾಲಿನ ಕೆನೆ ಸುಕ್ಕಾದ ಹಾಗೆ ಕಾಣುತ್ತದೆ.

ಕಹಿಯಾ, ಒಗರಾ, ಗೊತ್ತಾಗುತ್ತಿಲ್ಲ.

ಇಲ್ಲಿ ಕನ್ನಡದವರಿಗೆ ಒಂದು ಅನುಕೂಲ ಇದೆ. ಹಾಗಲಕಾಯಿ ಕಹಿ, ಕಾಯಿ ಬಾಳೆಹಣ್ಣು ಒಗರು ಅಂತ ನಾವು ಚಿಕ್ಕಂದಿನಿಂದ ಬೇರೆ ಬೇರೆ ಹೆಸರಿನಿಂದಲೇ ಕಲಿತಿದ್ದೇವೆ. ಇಲ್ಲಿನ ಗೆಳೆಯರಲ್ಲಿ ಎಷ್ಟೋ ಜನ ಎರಡನ್ನೂ ಕಹಿ ಅಂದುಬಿಡುತ್ತಾರೆ. ಕಹಿ ನಾಲಿಗೆಯ ರುಚಿ. ಒಗರು ಬಾಯಿ ಒಣಗಿಸುತ್ತದೆ, ಕೆನ್ನೆಯ ಒಳಭಾಗವನ್ನು ಹಿಡಿದೆಳೆಯುತ್ತದೆ.

ಹಸಿ ಬಿಯರಿನ ಕಹಿ ಯೀಸ್ಟ್ ಮತ್ತು ಹಾಪ್ಸಿನ ಚೂರುಗಳಿಂದ, ಅವು ಕೂತ ಮೇಲೆ ಮೆದುವಾಗುತ್ತದೆ. ಒಣ ಹಾಪ್ಸಿನ ಒಗರೂ ಎರಡು ಮೂರು ವಾರ ತಣ್ಣಗಿಟ್ಟರೆ ಇಳಿಯುತ್ತದೆ. ಮಾಲ್ಟಿನ ಸಿಪ್ಪೆಯಿಂದ ಬಂದ ಒಗರು ಹಟಮಾರಿ. ಟೀ ಸೊಪ್ಪನ್ನು ಜಾಸ್ತಿ ಹೊತ್ತು ಕುದಿಸಿದ ಹಾಗೆ. ಮಾಲ್ಟ್ ತೊಳೆದು ಸಿಹಿ ಇಳಿಸುವ ನೀರು 77 ಡಿಗ್ರಿ ದಾಟಿದರೆ, ಪಿಎಚ್ 6ರ ಹತ್ತಿರ ಹೋದರೆ ಸಿಪ್ಪೆಯ ಟ್ಯಾನಿನ್ ಇಳಿದುಬಿಡುತ್ತದೆ.

ಹಳೇ ರಟ್ಟಿನ ವಾಸನೆ ಬಂದರೆ?

ಗಾಳಿ ತಾಗಿದೆ. ಹಸಿ ಬಿಯರಿನಲ್ಲಿ ಇದು ಸಾಮಾನ್ಯವಾಗಿ ಇರುವುದಿಲ್ಲ, ವಾರಗಳು ಕಳೆದ ಹಾಗೆ ಹುಟ್ಟುತ್ತದೆ. ಒದ್ದೆ ರಟ್ಟಿನ ಪೆಟ್ಟಿಗೆ, ಮುಗ್ಗಿದ ಕಾಗದ. ಇದ್ದರೆ ದಿನೇದಿನೇ ಜಾಸ್ತಿಯಾಗುತ್ತದೆ. ಅಂಥ ಬಿಯರನ್ನು ಮಾಗಿಸಲು ಇಡಬೇಡಿ, ತಣ್ಣಗಿಟ್ಟು ಬೇಗ ಕುಡಿದು ಮುಗಿಸಿ. ಮಬ್ಬಾದ ಐಪಿಎ ಹೊಂಬಣ್ಣ ಬಿಟ್ಟು ಕಂದಿದ ಬೂದಿಯ ಕಡೆ ತಿರುಗಿದರೆ ಮೂಗಿಗಿಂತ ಮೊದಲು ಕಣ್ಣೇ ಹೇಳುತ್ತದೆ.

ಬಿಸಿಲಿನದು ಇನ್ನೊಂದು. ಹಾಪ್ಸಿನ ಕಹಿ ವಸ್ತುವಿಗೆ ಬೆಳಕು ಬಿದ್ದರೆ ಸ್ಕಂಕ್ ಪ್ರಾಣಿಯ ವಾಸನೆ ಬರುತ್ತದೆ. ಮಿನೆಸೋಟದ ಹೆದ್ದಾರಿಯಲ್ಲಿ ರಾತ್ರಿ ಕಾರಿನ ಕಿಟಕಿ ತೆರೆದು ಹೋದವರಿಗೆ ಅದು ಚೆನ್ನಾಗಿ ಗೊತ್ತು. ನೇರ ಬಿಸಿಲಾದರೆ ಕೆಲವೇ ನಿಮಿಷ ಸಾಕು, ಮತ್ತೆ ವಾಪಸ್ ಬರುವುದಿಲ್ಲ. ಗಾಜಿನ ಫರ್ಮೆಂಟರಿಗೆ ಒಂದು ಹಳೇ ಕಂಬಳಿ ಹೊದಿಸಿ.

ಫರ್ಮೆಂಟರಿನಲ್ಲಿ ಚೆನ್ನಾಗಿತ್ತು. ಬಾಟಲಿಗೆ ಹಾಕಿ ಐದು ದಿನಕ್ಕೆ ತೆಗೆದರೆ ಮತ್ತೆ ಸೇಬು, ಬೆಣ್ಣೆ!

ಬಾಟಲಿಯೊಳಗೆ ಇನ್ನೊಂದು ಪುಟ್ಟ ಹುದುಗುವಿಕೆ ನಡೆಯುತ್ತಿದೆ. ಗ್ಯಾಸ್ ಬರಲೆಂದು ನೀವು 19 ಲೀಟರಿಗೆ 110, 120 ಗ್ರಾಂ ಸಕ್ಕರೆ ಹಾಕಿದ್ದೀರಿ. ಯೀಸ್ಟ್ ಅದನ್ನು ತಿನ್ನುವಾಗ ಮೊದಲಿನ ಎಲ್ಲ ಹಂತಗಳನ್ನೂ ಚಿಕ್ಕದಾಗಿ ಮತ್ತೆ ದಾಟುತ್ತದೆ. ಐದನೇ ದಿನ ತೆರೆದರೆ ನಿಮಗೆ ಸಿಗುವುದು ನಡುದಾರಿಯ ಬಿಯರ್. 20 ಡಿಗ್ರಿಯಲ್ಲಿ ಮೂರು ವಾರ ಬಿಡಿ. ಆಮೇಲೆ ಮೂರು ದಿನ ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ. ಗ್ಯಾಸ್ ಬಂದಿದೆ ಅಂತ ವಾರಕ್ಕೇ ಫ್ರಿಜ್ಜಿಗೆ ಹಾಕುವುದು ತುಂಬ ಸಾಮಾನ್ಯವಾದ ತಪ್ಪು.

ಒಟ್ಟಿನಲ್ಲಿ ಎಷ್ಟು ದಿನ?

ಹೆಫೆವೈಜನ್ ಮೂರು ವಾರಕ್ಕೇ ಕುಡಿಯಬೇಕು, ಕಾದರೆ ನಷ್ಟ. ಪೇಲ್ ಏಲ್, ಐಪಿಎ ನಾಲ್ಕು ವಾರ, ಆಮೇಲೆ ಎರಡು ಮೂರು ತಿಂಗಳೊಳಗೆ ಖಾಲಿ ಮಾಡಿ. ಸ್ಟೌಟ್ ಆರು ವಾರ. ಲಾಗರ್ ಎರಡು ತಿಂಗಳಿಗೆ ಹತ್ತಿರ. ಬಾರ್ಲಿವೈನ್ ಮುಂದಿನ ಯುಗಾದಿಗೆ. ಇವು ನನ್ನ ನೆಲಮಾಳಿಗೆಯ ಲೆಕ್ಕ, ನಿಮ್ಮ ಯೀಸ್ಟ್, ನಿಮ್ಮ ಕೋಣೆಯ ಬಿಸಿ ನೋಡಿಕೊಂಡು ಹೊಂದಿಸಿಕೊಳ್ಳಿ.

ಕೆಟ್ಟ ವಾಸನೆಯ ಬಿಯರ್ ರುಚಿ ನೋಡಿದರೆ ಹುಷಾರು ತಪ್ಪುತ್ತಾ?

ಪೂರ್ತಿ ಹುದುಗಿದ ಬಿಯರಿನಲ್ಲಿ ಆಲ್ಕೋಹಾಲ್, ಹಾಪ್ಸ್, ಹುಳಿ ಮೂರೂ ಇರುವುದರಿಂದ ಕಾಯಿಲೆ ತರುವ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಬೆಳೆಯುವುದಿಲ್ಲ. ಒಂದು ಗುಟುಕಿಗೆ ಹೆದರಬೇಡಿ. ಆದರೆ ಬೂಷ್ಟು ಕಟ್ಟಿದ್ದರೆ, ಯೀಸ್ಟ್ ಹಾಕಿದ ಮೇಲೂ ದಿನಗಟ್ಟಲೆ ಹುದುಗದೆ ಕೂತಿದ್ದರೆ ಬಾಯಿಗೆ ಹಾಕಬೇಡಿ.

ನಿಜವಾಗಿ ಹೆದರಬೇಕಾದದ್ದು ಬಾಟಲಿಗೆ. ಗ್ರಾವಿಟಿ ಮೂರು ದಿನ ಒಂದೇ ಕಡೆ ನಿಲ್ಲದೆ ತುಂಬಿದರೆ, ಅಥವಾ ಸೋಂಕು ತಗುಲಿ ಬಾಟಲಿಯಲ್ಲಿ ಹುದುಗುತ್ತಲೇ ಹೋದರೆ, ಬಾಟಲಿ ಸಿಡಿಯುತ್ತದೆ. ಒಂದು ಬಾಟಲಿ ತೆರೆದಾಗ ಕಾರಂಜಿಯಂತೆ ಉಕ್ಕಿದರೆ ಉಳಿದವನ್ನು ದಪ್ಪ ಬಟ್ಟೆ ಸುತ್ತಿ ತಣ್ಣಗೆ ಮಾಡಿ, ಕೈಗವಸು ಹಾಕಿಕೊಂಡು ತೆರೆಯಿರಿ.

ಮೂಗನ್ನು ಪಳಗಿಸುವುದು ಹೇಗೆ?

ಅಂಗಡಿಯಿಂದ ಅತ್ಯಂತ ಸಪ್ಪೆಯಾದ ಒಂದು ಲಾಗರ್ ತನ್ನಿ. ನಾಲ್ಕು ಲೋಟಕ್ಕೆ ಹಾಕಿ. ಒಂದಕ್ಕೆ ಎರಡು ಲವಂಗ, ಒಂದಕ್ಕೆ ಎರಡು ಹನಿ ವಿನೆಗರ್, ಒಂದಕ್ಕೆ ಡಬ್ಬಿ ಜೋಳದ ನೀರು ಒಂದು ಚಮಚ, ಒಂದಕ್ಕೆ ಚೆನ್ನಾಗಿ ಕುದಿಸಿದ ಕಪ್ಪು ಟೀ ಎರಡು ಚಮಚ. ಕಾಲು ಗಂಟೆ ಬಿಟ್ಟು ಮೂಸಿ, ರುಚಿ ನೋಡಿ. ಬಿಸಿಲಿನ ವಾಸನೆ ಕಲಿಯಲು ಬಣ್ಣವಿಲ್ಲದ ಗಾಜಿನ ಲೋಟಗಳು ಸಾಕು. ಒಂದೇ ಬಿಯರಿನ ಎರಡು ಲೋಟ, ಒಂದು ಅರ್ಧ ಗಂಟೆ ಬಿಸಿಲಲ್ಲಿ, ಇನ್ನೊಂದು ಕಪಾಟಿನಲ್ಲಿ.

ಇನ್ನೂ ಮುಂದೆ ಹೋಗಬೇಕೆಂದರೆ ಮೂರು ಲೋಟದ ಆಟ ಆಡಿ. ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಬೇರೆ. ಯಾವುದು ಬೇರೆ ಅಂತ ಹೇಳಬೇಕು. ನಮ್ಮ ಮನೆಯಲ್ಲಿ ಹಬ್ಬದ ದಿನ ಅತಿಥಿಗಳ ಜೊತೆ ಆಡುತ್ತೇವೆ. ಬಿಯರ್ ಬಗ್ಗೆ ಏನೂ ಗೊತ್ತಿಲ್ಲ ಅನ್ನುವವರೇ ಎಷ್ಟೋ ಸಲ ಸರಿಯಾಗಿ ಹೇಳುತ್ತಾರೆ. ದಿನಾ ಸಾರಿನ ಉಪ್ಪು ನೋಡಿ ಪಳಗಿದ ನಾಲಿಗೆ ಅದು.

ಕರ್ನಾಟಕದಲ್ಲಿ ಮನೆಯಲ್ಲಿ ಮಾಡಬಹುದಾ?

ಇಲ್ಲ. ಲೈಸೆನ್ಸ್ ಇಲ್ಲದೆ ಮಾಡುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ. ಅಮೆರಿಕದಲ್ಲಿ 1978ರಲ್ಲಿ ಆದ ಕಾನೂನಿನಿಂದ ಮನೆಮಟ್ಟಿಗೆ ಅವಕಾಶ ಸಿಕ್ಕಿತು. ವರ್ಷಕ್ಕೆ 100 ಗ್ಯಾಲನ್, ಮನೆಯಲ್ಲಿ ಇಬ್ಬರು ವಯಸ್ಕರಿದ್ದರೆ 200, ಮಾರುವಂತಿಲ್ಲ. ಊರಲ್ಲಿರುವವರು ಮೂಗು ಪಳಗಿಸಲು ಬೆಂಗಳೂರಿನ ಬ್ರೂಪಬ್‌ಗಳಿಗೆ ಹೋಗಿ. ಅಲ್ಲಿ ಹೆಫೆವೈಜನ್ ಸುಲಭವಾಗಿ ಸಿಗುತ್ತದೆ, ಲವಂಗ ಮತ್ತು ಬಾಳೆಹಣ್ಣು ಕಲಿಯಲು ಅದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ.

ಸರಿ, ಚೆಲ್ಲಬೇಕಾದದ್ದು ಯಾವಾಗ?

ಆಸ್ಪತ್ರೆ ವಾಸನೆ ಎರಡನೇ ಸಲ ನೋಡಿದಾಗಲೂ ಅಷ್ಟೇ ಇದ್ದರೆ. ಹುಳಿ ಇರಬಾರದ ಬಿಯರಿನಲ್ಲಿ ಅದು ಎರಡನೇ ಸಲಕ್ಕೆ ಜಾಸ್ತಿಯಾಗಿದ್ದರೆ. ಬೂಷ್ಟು ಇದ್ದರೆ. ಇವು ಬಿಟ್ಟು ಉಳಿದ ಯಾವುದಕ್ಕೂ ಮೂರು ವಾರದೊಳಗೆ ಸಿಂಕಿನ ಹತ್ತಿರ ಹೋಗಬೇಡಿ. ಸಂಶಯ ಇದ್ದರೆ 17 ಲೀಟರನ್ನು ಅದರ ಪಾಡಿಗೆ ಯೀಸ್ಟಿನ ಮೇಲೆ ಬಿಟ್ಟು, ಎರಡು ಲೀಟರನ್ನು ಮಾತ್ರ ಬಾಟಲಿಗೆ ತುಂಬಿ ಪಕ್ಕಕ್ಕಿಡಿ. ತಿಂಗಳ ಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟು ಮೂಸಿ, ಟೇಪಿನ ಮೇಲೆ ಬರೆಯಿರಿ.